ಜಮಖಾನ ಯಾರ ಮನೆಯ ಪದ?

ಹೋದ ವರ್ಷ ಧಾರವಾಡದ ಒಂದು ಕೋಚಿಂಗ್ ಸೆಂಟರ್‌ನಲ್ಲಿ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೆ. ಶನಿವಾರದ ಕನ್ನಡ ಟೆಸ್ಟಿನಲ್ಲಿ ಒಂದು ಪ್ರಶ್ನೆ ಬಂತು. ‘ಇವುಗಳಲ್ಲಿ ಅನ್ಯದೇಶ್ಯ ಪದ ಯಾವುದು?’ ಆಯ್ಕೆಗಳು ನಾಲ್ಕು: ಹಾಸಿಗೆ, ಚಾಪೆ, ಕಂಬಳಿ, ಜಮಖಾನ. ನಾನು ಕಂಬಳಿಗೆ ಗುರುತು ಹಾಕಿದೆ. ‘ಕಂಬಲ’ ಎಂಬ ಸಂಸ್ಕೃತ ಪದ ಎಲ್ಲೋ ಓದಿದ ನೆನಪಿತ್ತು. ಜಮಖಾನದ ಮೇಲೆ ಒಂದಿಷ್ಟೂ ಅನುಮಾನ ಬರಲಿಲ್ಲ. ಹುಟ್ಟಿದಾಗಿನಿಂದ ನಮ್ಮ ಮನೆಯ ಟ್ರಂಕಿನಲ್ಲಿ ಇರುವ ವಸ್ತು ಅದು. ಅದು ಬೇರೆ ದೇಶದ್ದು ಹೇಗಾದೀತು?

ಉತ್ತರ ಜಮಖಾನವೇ ಆಗಿತ್ತು. ಒಂದು ಅಂಕ ಹೋಯಿತು, ಕಾಲು ಅಂಕ ನೆಗೆಟಿವ್ ಬೇರೆ. ಅದು ದೊಡ್ಡ ಮಾತಲ್ಲ. ಉತ್ತರ ಬಿಡಿಸುವಾಗ ಸರ್ ನನ್ನ ಕಡೆ ನೋಡಿ, “ನಿಮ್ಮ ರಾಯಚೂರು ಕಡೆಯವರಿಗೆ ಇದು ಹೊಳೆಯೋದಿಲ್ಲ ಬಿಡ್ರಿ. ನಿಮ್ಮ ಮಾತಿನಾಗ ಅರ್ಧ ಉರ್ದು, ಕಾಲು ತೆಲುಗು. ಉಳಿದಿದ್ದರಾಗ ಕನ್ನಡ ಹುಡುಕಬೇಕು” ಎಂದರು. ತರಗತಿ ನಕ್ಕಿತು. ಸರ್ ಕೆಟ್ಟವರಲ್ಲ, ತಮಾಷೆಗೆ ಅಂದದ್ದು. ಆದರೆ ಎಲ್ಲರ ಜೊತೆ ನಾನೂ ನಕ್ಕೆ. ಇವತ್ತಿಗೂ ನನಗೆ ಚುಚ್ಚುವುದು ಅವರ ಮಾತಲ್ಲ, ನನ್ನ ಆ ನಗು.

ಅಂದಿನಿಂದ ತರಗತಿಯಲ್ಲಿ ಡೌಟು ಕೇಳುವುದು ಕಡಿಮೆ ಮಾಡಿದೆ. ಕೇಳುವ ಮೊದಲು ಪ್ರಶ್ನೆಯನ್ನು ಮನಸ್ಸಿನಲ್ಲೇ ‘ಶುದ್ಧ’ ಮಾಡಿಕೊಳ್ಳುವಷ್ಟರಲ್ಲಿ ಸರ್ ಮುಂದಿನ ಪುಟಕ್ಕೆ ಹೋಗಿರುತ್ತಿದ್ದರು. ಪಿಜಿಯಲ್ಲಿ ಎಲ್ಲರೂ ಕೂತು ಊಟ ಮಾಡುವಾಗ ‘ಜಮಖಾನ ಹಾಸು’ ಅನ್ನುವುದನ್ನು ಬಿಟ್ಟು ‘ಕಾರ್ಪೆಟ್ ಹಾಕು’ ಅನ್ನತೊಡಗಿದೆ. ಕಾರ್ಪೆಟ್ ಅಂದರೆ ಯಾರೂ ನಗುವುದಿಲ್ಲ ನೋಡಿ. ಮ್ಯಾಟ್ ಅಂದರೂ ನಗುವುದಿಲ್ಲ. ಇಂಗ್ಲಿಷ್‌ನವರಿಗೇ ಅದು ಲ್ಯಾಟಿನ್‌ನಿಂದ ಬಂದ ಪದ. ಹೊರಗಿನ ಪದ ಬಳಸಿದ್ದಕ್ಕೆ ನಗುವುದಾದರೆ ಎಲ್ಲದಕ್ಕೂ ನಗಬೇಕಿತ್ತಲ್ಲ? ಹಾಗಾದರೆ ಅವರು ನಕ್ಕಿದ್ದು ಪದಕ್ಕೋ, ಆ ಪದ ಆಡುವ ಜನಕ್ಕೋ ಎಂಬ ಅನುಮಾನ ಅಲ್ಲಿಂದ ಶುರುವಾಯಿತು.

ಮಸ್ಕಿ ಹತ್ತಿರದ ಹಳ್ಳಿ ನಮ್ಮದು. ಅಪ್ಪ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ. ನಾನು ಪದವಿ ಓದಿದ್ದು ಲಿಂಗಸುಗೂರಿನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬಂದು. ಈ ಸಲ ಅಕ್ಕನ ನಿಶ್ಚಯಕ್ಕೆಂದು ಊರಿಗೆ ಹೋದಾಗ ಅವ್ವ ಟ್ರಂಕು ತೆರೆದು ಜಮಖಾನ ಹೊರಗೆ ತೆಗೆದಳು. ಕೆಂಪು, ನೀಲಿ ಪಟ್ಟಿ. ಡಾಂಬರ ಗುಳಿಗೆಯ ವಾಸನೆ. ಒಂದು ಮೂಲೆಯಲ್ಲಿ ಇಲಿ ಕಡಿದದ್ದಕ್ಕೆ ತ್ಯಾಪೆ. ಅವ್ವನ ಮದುವೆಯಲ್ಲಿ ತವರಿನಿಂದ ಬಂದದ್ದು. ಅದನ್ನು ಬಿಸಿಲಿಗೆ ಹಾಕುವಾಗ ನಾನು ತಾತನನ್ನು ಕೇಳಿದೆ, “ತಾತ, ಇದಕ್ಕ ಜಮಖಾನ ಅಂತ ಯಾಕ ಅಂತಾರ?”

ತಾತನಿಗೆ ಎಂಬತ್ತೈದು ದಾಟಿದೆ. “ಜಮಾ ಆಗೋದಕ್ಕ ಹಾಸತಾರ, ಅದಕ್ಕ ಜಮಖಾನ. ಇದರಾಗೇನು ಕೇಳೋದು?” ಅಂದ. ಪಕ್ಕದ ಮನೆಯ ಕಾಕಾ ಉರ್ದು ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಅವರು ಒಪ್ಪಲಿಲ್ಲ. “ನೋಡು ಬೇಟಿ, ಖಾನಾ ಅಂದ್ರ ಫಾರಸಿ ಒಳಗ ಮನಿ, ಜಾಗ. ಕಾರಖಾನೆ, ದವಾಖಾನೆ ಅಂತೀವಲ್ಲ, ಅದೇ. ಜಾಮಾ ಅಂದ್ರ ಬಟ್ಟಿ. ಪೈಜಾಮದಾಗ ಐತಲ್ಲ, ಆ ಜಾಮಾ. ಪಾಯ್ ಅಂದ್ರ ಕಾಲು, ಕಾಲಿನ ಬಟ್ಟಿ ಪೈಜಾಮ” ಎಂದರು. ಇಬ್ಬರೂ ಅರ್ಧ ತಾಸು ಜಗಳವಾಡಿದರು. ನನಗಂತೂ ಇಬ್ಬರ ಮಾತೂ ಬೇಕು. ಕಾಕಾ ಆ ವಸ್ತು ಏನೆಂದು ಹೇಳಿದರು, ತಾತ ಅದು ಮಾಡುವ ಕೆಲಸ ಹೇಳಿದ. ಜಮಾ ಎಂಬ ಅರಬ್ಬಿ ಪದದ ಮೂಲ ಅರ್ಥ ಕೂಡಿಸುವುದೇ. ಜಮಾ-ಖರ್ಚು, ಜಮಾಬಂದಿ ಎಲ್ಲ ಅದರ ಮಕ್ಕಳೇ.

ಆಮೇಲೆ ನನಗೆ ಹುಚ್ಚು ಹಿಡಿಯಿತು. ಮನೆಯಲ್ಲಿ ನೆಲಕ್ಕೆ ಹಾಸುವ ಒಂದೊಂದನ್ನೂ ಹೆಸರು ಹಿಡಿದು ಕೇಳತೊಡಗಿದೆ.

ಕಾಕಾನ ಮನೆಯಲ್ಲಿ ಜಮಖಾನಕ್ಕೆ ಸತರಂಜಿ ಅಂತಾರೆ. ಆ ಪದ ಬಂದದ್ದು ಶತರಂಜ್‌ನಿಂದ, ಅಂದರೆ ಚದುರಂಗದಾಟದಿಂದ. ಚದುರಂಗದ ಹಾಸಿನಂತೆ ಚೌಕ ಚೌಕ ಇದ್ದದ್ದಕ್ಕೆ ಆ ಹೆಸರು. ಶತರಂಜ್ ಎಲ್ಲಿಂದ ಬಂತು? ನಮ್ಮ ‘ಚತುರಂಗ’ವೇ ಪರ್ಷಿಯಾಕ್ಕೆ ಹೋಗಿ, ಅಲ್ಲಿಂದ ಅರಬ್ಬಿಗೆ ಹೋಗಿ, ವೇಷ ಬದಲಿಸಿಕೊಂಡು ಹೊಳ್ಳಿ ಬಂದು ನಮ್ಮ ಪಡಸಾಲೆಯಲ್ಲಿ ಮಲಗಿದೆ. ಇದನ್ನು ಅನ್ಯದೇಶ್ಯ ಅನ್ನಬೇಕೋ, ಊರು ಬಿಟ್ಟು ಹೋಗಿ ಬಂದ ಮಗ ಅನ್ನಬೇಕೋ?

ನಮ್ಮ ಮನೆಯ ನೆಲಕ್ಕೆ ಶಹಾಬಾದ್ ಕಲ್ಲು ಹಾಕಿದೆ. ಅದಕ್ಕೆ ನಾವು ಫರ್ಸಿ ಅನ್ನುತ್ತೇವೆ. ಅರಬ್ಬಿಯಲ್ಲಿ ‘ಫರ್ಶ್’ ಎಂದರೆ ಹಾಸುವುದು, ನೆಲಕ್ಕೆ ಹಾಸಿದ್ದು. ಉರ್ದು, ಹಿಂದಿಗೆ ಬಂದಾಗ ಅದರ ಅರ್ಥ ನೆಲ ಎಂದಾಯಿತು. ಮರಾಠಿಯಲ್ಲಿ, ನಮ್ಮ ಕಡೆಯ ಕನ್ನಡದಲ್ಲಿ ನೆಲಕ್ಕೆ ಹಾಸುವ ಕಲ್ಲಾಯಿತು. ಬಟ್ಟೆಯ ಹೆಸರು ಕಲ್ಲಿಗೆ ಬಂದದ್ದು ವಿಚಿತ್ರ ಅನ್ನಿಸಿತು. ಆದರೆ ಅಚ್ಚ ಕನ್ನಡದ ‘ಹಾಸು’ ಪದವೂ ಇದೇ ದಾರಿ ಹಿಡಿದಿದೆ. ಹಳಗನ್ನಡದಲ್ಲಿ ಅದು ‘ಪಾಸು’. ಅದರಿಂದ ಮಲಗುವ ಹಾಸಿಗೆಯೂ ಆಯಿತು, ಅಂಗಳದ ಹಾಸುಗಲ್ಲೂ ಆಯಿತು. ಸಾವಿರಾರು ಮೈಲಿ ದೂರದ ಎರಡು ಭಾಷೆಗಳು ಒಂದೇ ರೀತಿ ಯೋಚಿಸಿವೆ. ನೇಕಾರರು ಮಗ್ಗದ ಉದ್ದ ಎಳೆಗೆ ಹಾಸು, ಅಡ್ಡ ಎಳೆಗೆ ಹೊಕ್ಕು ಅನ್ನುತ್ತಾರೆ. ನಾವು ಪ್ರಬಂಧಗಳಲ್ಲಿ ಬರೆಯುವ ‘ಹಾಸುಹೊಕ್ಕು’ ಅಲ್ಲಿಂದ ಬಂದದ್ದು. ಇಷ್ಟು ದಿನ ಆ ಪದವನ್ನು ಎಷ್ಟೋ ಸಲ ಬರೆದಿದ್ದೇನೆ. ಅದರೊಳಗೆ ಒಂದು ಮಗ್ಗ ಇದೆ ಎಂದು ತಿಳಿದದ್ದು ಈಗ.

ಜಮಖಾನ ನಮ್ಮ ಜಿಲ್ಲೆಯೊಂದರ ಪದವೂ ಅಲ್ಲ. ನನ್ನ ಕೋಚಿಂಗ್ ಸೆಂಟರ್ ಇದ್ದ ಧಾರವಾಡ ಜಿಲ್ಲೆಯಲ್ಲೇ ನವಲಗುಂದ ಇದೆ. ಅಲ್ಲಿಯ ಜಮಖಾನಕ್ಕೆ ಭೌಗೋಳಿಕ ಸೂಚಿ, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ಅದನ್ನು ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು. ಮನೆಯೊಳಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ನವಿಲು, ಚೌಕಳಿ ಮೂಡಿಸುತ್ತಾರೆ. ದಕ್ಷಿಣಕ್ಕೆ ಹೋದರೆ ತಮಿಳುನಾಡಿನ ಈರೋಡ್ ಜಿಲ್ಲೆಯ ಭವಾನಿಯಲ್ಲಿ ಅದೇ ಪದ ‘ಜಮಕ್ಕಾಳಂ’ ಆಗಿದೆ. ಅದಕ್ಕೂ ಜಿಐ ಇದೆ. ಕರ್ನಾಟಕದ ಜಿಐ ಉತ್ಪನ್ನಗಳು ಯಾವುವು ಎಂದು ಪರೀಕ್ಷೆಯಲ್ಲಿ ಕೇಳಿದರೆ ಹೆಮ್ಮೆಯಿಂದ ‘ನವಲಗುಂದ ಜಮಖಾನ’ ಬರೆಯುತ್ತೇವೆ. ಅದೇ ಪದ ವ್ಯಾಕರಣದ ಪುಟಕ್ಕೆ ಬಂದಾಗ ‘ಅನ್ಯ’ ಆಗುತ್ತದೆ. ಸಾಮಾನ್ಯ ಜ್ಞಾನದಲ್ಲಿ ನಮ್ಮದು, ಕನ್ನಡ ಪತ್ರಿಕೆಯಲ್ಲಿ ಬೇರೆಯವರದು.

ನಮ್ಮ ಮೂರು ತಾಲ್ಲೂಕುಗಳನ್ನೇ ನೋಡಿ. ಸಿಂಧನೂರು, ಲಿಂಗಸುಗೂರು, ಮಸ್ಕಿ ಇರುವುದು ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್‌ನಲ್ಲಿ. ದೋ ಅಂದರೆ ಎರಡು, ಆಬ್ ಅಂದರೆ ನೀರು. ನಮ್ಮ ನೆಲದ ಹೆಸರೇ ಫಾರಸಿ. ಇದಕ್ಕಾಗಿ ವಿಜಯನಗರದವರೂ ಬಿಜಾಪುರದವರೂ ಬಡಿದಾಡಿದರು, 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದ. ಲಿಂಗಸುಗೂರಿನಲ್ಲಿ ಒಂದು ಕಾಲಕ್ಕೆ ಸೈನ್ಯದ ದಂಡು ಇತ್ತು. ಅದಕ್ಕೇ ಹಳಬರು ಆ ಊರನ್ನು ‘ಛಾವಣಿ’ ಎಂದು ಕರೆಯುತ್ತಿದ್ದರು. ಸಿಂಧನೂರಿಗೆ ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿಕೊಂಡರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಅಲ್ಲೇ ನೆಲೆ ಸಿಕ್ಕಿತು. ನನ್ನ ಜೊತೆ ಓದಿದ ಒಬ್ಬ ಗೆಳತಿ ಬಂಗಾಳಿ ಕ್ಯಾಂಪಿನವಳು. ಅವರ ಮನೆಯಲ್ಲಿ ಚಾಪೆಗೆ ‘ಮಾದುರ್’ ಅಂತಾರೆ, ಹಳೆ ಸೀರೆ ಸೇರಿಸಿ ಹೊಲಿದ ಹೊದಿಕೆಗೆ ‘ಕಾಂಥಾ’ ಅಂತಾರೆ. ಅದನ್ನು ನಮ್ಮ ಅವ್ವನಿಗೆ ತೋರಿಸಿದರೆ, “ಇದು ನಮ್ಮ ಕೌದಿನೇ ಅಲ್ಲೇನು?” ಅಂದಳು.

ಇನ್ನು ಮಸ್ಕಿ. ಅಲ್ಲಿಯ ಬೆಟ್ಟದ ಬಂಡೆಯ ಮೇಲಿನ ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಪತ್ತೆ ಮಾಡಿದರು. ‘ದೇವಾನಾಂಪ್ರಿಯ’ ಎಂದು ಕರೆದುಕೊಳ್ಳುತ್ತಿದ್ದ ಅರಸ ಅಶೋಕನೇ ಎಂದು ಹೆಸರು ಸಮೇತ ತಿಳಿದದ್ದು ಆ ಶಾಸನದಿಂದ. ಪರೀಕ್ಷೆಗೆ ಓದುವ ಎಲ್ಲರಿಗೂ ಬಾಯಿಪಾಠ ಇದು. ಆದರೆ ಅದು ಯಾವ ಭಾಷೆಯಲ್ಲಿದೆ? ಪ್ರಾಕೃತದಲ್ಲಿ. ಲಿಪಿ ಬ್ರಾಹ್ಮಿ. ನಮ್ಮೂರಿನ ಅತಿ ಹಳೆಯ ಬರಹವೇ ಕನ್ನಡದ್ದಲ್ಲ. ಹಾಗಂತ ಮಸ್ಕಿಯ ಬಂಡೆಯನ್ನು ಯಾರಾದರೂ ಅನ್ಯ ಎಂದು ದೂರ ಇಟ್ಟಿದ್ದಾರೆಯೇ? ಬೇರೆ ಊರಿನ ನೆಂಟರು ಬಂದರೆ ನಾವು ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೇ. ಬಂಡೆಗೆ ಕೊಟ್ಟ ಗೌರವವನ್ನು ಬಾಯಲ್ಲಿರುವ ಮಾತಿಗೆ ಯಾಕೆ ಕೊಡುವುದಿಲ್ಲ?

ಇದಕ್ಕೆ ಎದುರು ಮಾತು ಇದೆ, ಅದನ್ನೂ ಹೇಳಬೇಕು. ನಮ್ಮ ಜಿಲ್ಲೆ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು. ಸರ್ಕಾರದ ಕಾಗದವೆಲ್ಲ ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೂ ಉರ್ದುವಿನಲ್ಲೇ. ತಾತ ಶಾಲೆಗೆ ಸೇರಿದಾಗ ಮೊದಲು ಬರೆದದ್ದು ಅಲಿಫ್, ಬೇ. ಮನೆಯಲ್ಲಿ ಆಡುವ ಮಾತು ಒಂದು, ಹಲಗೆಯ ಮೇಲಿನ ಮಾತು ಇನ್ನೊಂದು. “ತಿಳೀಲಿಲ್ಲಂದ್ರ ಬೆತ್ತ ಬೀಳತಿತ್ತು” ಎಂದು ಈಗಲೂ ಹೇಳುತ್ತಾನೆ. ಕನ್ನಡಕ್ಕಾಗಿ ಈ ಭಾಗದ ಹಿರಿಯರು ಪಟ್ಟ ಕಷ್ಟ ಸಣ್ಣದಲ್ಲ. ಅದನ್ನು ಮರೆತು ‘ಎಲ್ಲಾ ಪದಗಳೂ ಒಂದೇ’ ಎಂದು ಸುಲಭವಾಗಿ ಹೇಳಲು ನನಗೂ ಮನಸ್ಸಿಲ್ಲ.

ಆದರೆ ಅದೇ ತಾತನೇ ಜಮಖಾನಕ್ಕೆ ಕನ್ನಡದ ಅರ್ಥ ಕಟ್ಟಿಕೊಟ್ಟವನು. ದರ್ಬಾರು ಹೇರಿದ ಭಾಷೆ ಬೇರೆ, ಪಕ್ಕದ ಮನೆಯವರಿಂದ, ಸಂತೆಯಿಂದ, ಮದುವೆ ಹಂದರದಿಂದ ಮನೆಗೆ ಬಂದ ಪದ ಬೇರೆ. ಮೊದಲನೆಯದನ್ನು ಬೆತ್ತ ಹಿಡಿದು ಕಲಿಸಿದರು. ಎರಡನೆಯದನ್ನು ನಾವೇ ಕರೆದು ಕೂರಿಸಿಕೊಂಡೆವು. ಅಂದು ಉರ್ದು ಬಾರದ ಮಗುವಿಗೆ ಬೆತ್ತ ಬಿತ್ತು. ಇಂದು ಉರ್ದು ಬೆರೆತ ಕನ್ನಡ ಆಡುವ ಹುಡುಗಿಗೆ ನಗು ಬೀಳುತ್ತದೆ. ಎರಡರಲ್ಲೂ ಆಗುವುದು ಒಂದೇ, ಮನೆಯ ಮಾತಿಗೆ ಶಾಲೆಯಲ್ಲಿ ಅವಮಾನ.

ಈ ಎಲ್ಲ ಚರ್ಚೆ ಕೇಳುತ್ತಾ ಅವ್ವ ಅಕ್ಕಿ ಆರಿಸುತ್ತಿದ್ದಳು. ತಾತ ಮತ್ತೊಮ್ಮೆ, “ಎಲ್ಲಾರೂ ಜಮಾ ಆಗೋದಕ್ಕ ಜಮಖಾನ” ಅಂದಾಗ ತಲೆ ಎತ್ತದೆ ಹೇಳಿದಳು, “ಎಲ್ಲಾರೂ ಎಲ್ಲಿ ಕುಂದ್ರತಿದ್ರು? ಪಂಚಾಯ್ತಿ ಸೇರಿದಾಗ ಕೇರಿಯವರು ಜಮಖಾನ ಬಿಟ್ಟು ನೆಲದ ಮ್ಯಾಲ ಕುಂದ್ರತಿದ್ರು. ಇದನ್ನ ಇಪ್ಪತ್ತೈದು ವರ್ಷ ತೊಳೆದವಳು ನಾನು. ಒಂದಿನ ಇದರ ಮ್ಯಾಲ ಕುಂತಿಲ್ಲ.”

ಯಾರೂ ಮಾತಾಡಲಿಲ್ಲ. ನಿಜವೇ. ಅವ್ವ ಕೂರುವುದು ಅಪ್ಪ ಗಿರಣಿಯಿಂದ ತಂದ ಗೋಣಿ ತಟ್ಟಿನ ಮೇಲೆ. ಬೀಗರು ಬಂದಾಗ ಚಹಾ ಕೊಟ್ಟು ಬಾಗಿಲ ಬಳಿ ನಿಲ್ಲುತ್ತಾಳೆ. ನನಗೆ ಧಾರವಾಡದ ತರಗತಿ ಕಣ್ಮುಂದೆ ಬಂತು. ಒಬ್ಬರ ಮಾತಿಗೆ ನಗುವುದು ಅಂದರೆ ಅವರನ್ನು ಜಮಖಾನದಿಂದ ಎಬ್ಬಿಸಿ ನೆಲಕ್ಕೆ ಕೂರಿಸುವುದೇ. ಅವರು ಅದೇ ಕೋಣೆಯಲ್ಲಿ ಇರುತ್ತಾರೆ, ಅದೇ ಫೀಸು ಕಟ್ಟಿರುತ್ತಾರೆ, ಆದರೆ ಸಭೆಯಲ್ಲಿ ಇರುವುದಿಲ್ಲ. ಹಾಗೆ ಅಂಚಿನಾಚೆ ಕೂತವರು ಪ್ರಶ್ನೆ ಕೇಳುವುದಿಲ್ಲ, ಗುಂಪು ಚರ್ಚೆಯಲ್ಲಿ ಬಾಯಿ ತೆರೆಯುವುದಿಲ್ಲ. ಕೊನೆಗೆ ಎಲ್ಲರೂ ಹೇಳುವುದು ಒಂದೇ: ‘ಆ ಭಾಗದವರಿಗೆ ಕಾನ್ಫಿಡೆನ್ಸ್ ಕಡಿಮೆ.’

ತಪ್ಪು ನಮ್ಮದೂ ಇದೆ. 371(ಜೆ) ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ ನಾವು ಹೈದರಾಬಾದ್ ಕರ್ನಾಟಕದವರು. 2019ರಲ್ಲಿ ಹೆಸರು ಬದಲಾದ ಮೇಲೆ ಕಲ್ಯಾಣ ಕರ್ನಾಟಕದವರು. ಮೀಸಲಾತಿಯ ಸಾಲಿನಲ್ಲಿ ಈ ನೆಲದ ಹೆಸರನ್ನು ಗಟ್ಟಿಯಾಗಿ ಹೇಳುತ್ತೇವೆ. ತರಗತಿಯಲ್ಲಿ, ಹಾಸ್ಟೆಲ್ಲಿನಲ್ಲಿ ಅದೇ ನೆಲದ ಮಾತನ್ನು ಬಚ್ಚಿಡುತ್ತೇವೆ. ಕಾಗದದ ಮೇಲೆ ಬೇಕಾದ ಊರು ನಾಲಿಗೆಯ ಮೇಲೆ ಬೇಡವೇ? ಮೊದಲು ನಗುವುದನ್ನು ಬಿಡಬೇಕಾದವರು ನಾವೇ. ಅವತ್ತು ನಾನು ನಗದೇ ಇದ್ದಿದ್ದರೆ ಕನಿಷ್ಠ ಸರ್‌ಗೆ ಒಂದು ಕ್ಷಣ ಇರಿಸುಮುರುಸು ಆಗುತ್ತಿತ್ತು.

ಹಾಗಂತ ಪರೀಕ್ಷೆಯಲ್ಲಿ ಗ್ರಾಂಥಿಕ ಕನ್ನಡ ಬೇಡ ಅನ್ನುತ್ತಿಲ್ಲ. ಕಲಿಯಲೇಬೇಕು, ನಾನೂ ಕಲಿಯುತ್ತಿದ್ದೇನೆ. ದೇಶ್ಯ, ತತ್ಸಮ, ತದ್ಭವ, ಅನ್ಯದೇಶ್ಯ ಎಂಬ ವಿಂಗಡಣೆಯೂ ಇರಲಿ. ಒಂದು ಪದದ ಊರು ಯಾವುದು ಎಂದು ತಿಳಿಯುವುದು ಸಂತೋಷದ ವಿಷಯ. ಆದರೆ ಪದದ ಊರು ಕೇಳುವುದು ಬೇರೆ, ಪದವನ್ನು ಊರಿನಿಂದ ಹೊರಗೆ ಹಾಕುವುದು ಬೇರೆ. ಅನ್ಯದೇಶ್ಯ ಪದ ಪಾಠ ಮಾಡುವ ಮಾಸ್ತರರು ಪಟ್ಟಿ ಕೊಟ್ಟು ನಿಲ್ಲದೆ, ಆ ಪದ ಯಾವ ದಾರಿಯಲ್ಲಿ ಬಂತು ಎಂದು ಐದು ನಿಮಿಷ ಹೇಳಿದರೂ ಸಾಕು. ರಾಯಚೂರಿನ ಹುಡುಗಿ ಅಂದು ನಗೆಪಾಟಲಾಗುವ ಬದಲು ಆ ತರಗತಿಗೆ ಬೇಕಾದವಳಾಗುತ್ತಾಳೆ.

ನೀವು ಒಂದು ಕೆಲಸ ಮಾಡಿ ನೋಡಿ. ಈ ಸಲ ಊರಿಗೆ ಹೋದಾಗ ಮನೆಯ ಹಿರಿಯರ ಹತ್ತಿರ ಕೂತು ಹತ್ತು ವಸ್ತುಗಳ ಹೆಸರು ಕೇಳಿ ಬರೆದುಕೊಳ್ಳಿ. ಆಮೇಲೆ ಕಾಲೇಜಿನ ಗ್ರಂಥಾಲಯದಲ್ಲಿ ನಿಘಂಟು ತೆರೆಯಿರಿ. ನಾನು ಹೀಗೆ ಮಾಡಿದಾಗ ನಮ್ಮ ನಿರುದ್ಯೋಗಿಗಳ ದಿನಚರಿಯೆಲ್ಲ ಆ ಪಟ್ಟಿಯಲ್ಲಿ ಸಿಕ್ಕಿತು. ಅರ್ಜಿ, ಹಾಜರಿ, ದಾಖಲೆ, ಜಿಲ್ಲೆ, ತಾಲ್ಲೂಕು, ತಹಸೀಲ್ದಾರ್ ಎಲ್ಲವೂ ಅರಬ್ಬಿ, ಫಾರಸಿ ಕಡೆಯಿಂದ ಬಂದವು. ನಾನು ಆಗಬೇಕೆಂದಿರುವ ಗುಮಾಸ್ತನ ಕೆಲಸದ ಹೆಸರೂ ಅಲ್ಲಿಯದೇ. ಕೆಲಸ ಸಿಕ್ಕರೆ ಕೂರುವ ಕುರ್ಚಿ ಕೂಡ ಅರಬ್ಬಿಯ ‘ಕುರ್ಸಿ’. ಜಮಖಾನಕ್ಕೆ ನಕ್ಕವರೆಲ್ಲ ಅಂದು ಕುರ್ಚಿಯ ಮೇಲೆ ಕೂತಿದ್ದರು.

ಅಭ್ಯರ್ಥಿ ಎಂದು ಈಗ ನಾವು ಹೇಳುವುದಕ್ಕೆ ಹಿಂದಿನವರು ‘ಉಮೇದುವಾರ’ ಅನ್ನುತ್ತಿದ್ದರು. ಚುನಾವಣೆ ಬಂದಾಗ ‘ಉಮೇದುವಾರಿಕೆ’ ಎಂದು ಪತ್ರಿಕೆಗಳಲ್ಲಿ ಇನ್ನೂ ಓದುತ್ತೇವೆ. ಫಾರಸಿಯಲ್ಲಿ ಉಮೇದು ಅಂದರೆ ಆಸೆ, ಭರವಸೆ. ಅಭ್ಯರ್ಥಿ ಅಂದರೆ ಬೇಡುವವನು, ಉಮೇದುವಾರ ಅಂದರೆ ಭರವಸೆ ಇಟ್ಟುಕೊಂಡವನು. ಎರಡೂ ಕನ್ನಡದಲ್ಲಿವೆ. ನನಗೆ ಎರಡನೆಯದೇ ಇಷ್ಟ.

ಅಕ್ಕನ ನಿಶ್ಚಯ ಚೆನ್ನಾಗಿ ಆಯಿತು. ಬೀಗರು ಊಟ ಮುಗಿಸಿ ಹೋದ ಮೇಲೆ ಅವ್ವ ಎಂದಿನಂತೆ ಜಮಖಾನ ಮಡಿಚಲು ಬಂದಳು. ನಾನು, ಅಕ್ಕ ಅವಳ ಕೈ ಹಿಡಿದು ಅದರ ನಡುವೆ ಕೂರಿಸಿದೆವು. “ಬಿಡ್ರೇ, ಹೊಲಸಾಗ್ತೈತಿ” ಅಂದಳು. ಆಮೇಲೆ ಸುಮ್ಮನೆ ಕೂತು, ಅಂಗೈಯಿಂದ ಆ ಪಟ್ಟಿಗಳನ್ನು ಸವರುತ್ತಾ, ಪಕ್ಕದ ಕಾಕಾನ ಹೆಂಡತಿಯನ್ನು ಗೋಡೆಯಾಚೆಯಿಂದಲೇ ಕೂಗಿ ಕರೆದಳು. ಮರುದಿನ ನಾನು ಧಾರವಾಡದ ಬಸ್ಸು ಹತ್ತಿದೆ. ಆ ರಾತ್ರಿ ಪಿಜಿಯಲ್ಲಿ ಊಟಕ್ಕೆ ಕೂರುವಾಗ ಗಟ್ಟಿಯಾಗಿ ಹೇಳಿದೆ, “ಜಮಖಾನ ಹಾಸ್ರಿ, ಎಲ್ಲಾರೂ ಕುಂದ್ರೋಣು.”